ಕೂಗಳತೆ

ಕಾಲ್‌ಫೀಲ್ಡಿನಲ್ಲಿ, ಟ್ರಾಮ್ ಹಾದರೆ ಗಾಜಿನ ಬೀರು ನಡುಗುವ ಮನೆ.
ಊಟದ ಮೇಜಿನ ಮೇಲೆ ನಕ್ಷೆ ಹಾಸಿದೆ.
ಯುದ್ಧದ ವಿಮಾನವೊಂದು ಮೇಲಿಂದ ತೆಗೆದ ಚಿತ್ರ,
ಅದರ ಮೇಲೆ ನಾನೆಳೆದ ಗೆರೆಗಳು:
ಇಪ್ಪತ್ತೆರಡು ಬ್ಯಾರಕ್ಕು, ಅಡುಗೆಮನೆ, ಎರಡು ಸಾಲು ಬೇಲಿ.

ಪಿರೋಷ್ಕಾ ಲೋವಿ ಕನ್ನಡಕ ತೆಗೆದು ಒರೆಸಿದರು,
ಮತ್ತೆ ಹಾಕಿಕೊಳ್ಳಲಿಲ್ಲ.
'ಎಷ್ಟು ಚೊಕ್ಕಟ! ಯಾರದಪ್ಪಾ ಈ ಊರು?'

ಮೋಜಣಿ ನನ್ನ ಕಸುಬು.
ಅಳತೆ ತಪ್ಪಿದರೆ ವ್ಯಾಜ್ಯ ಹುಟ್ಟುತ್ತದೆ ಎಂದು ಕಲಿತು ಬಂದದ್ದು.
'ಅಡುಗೆಮನೆಯಿಂದ ನಿಮ್ಮ ಬ್ಯಾರಕ್ಕಿಗೆ
ನೂರ ನಲವತ್ತು ಮೀಟರು' ಎಂದೆ.
'ಹೋಗುವಾಗಲೋ, ಬರುವಾಗಲೋ?'

ಐವತ್ತು ಲೀಟರಿನ ಹಂಡೆ, ಹಿಡಿಗೊಬ್ಬಳಂತೆ ಇಬ್ಬರು ಹುಡುಗಿಯರು,
ಕಾಲಿಗೆ ಮರದ ಜೋಡು, ಅಡಿಯಲ್ಲಿ ಹಿಮ.
ಹೋಗುವಾಗ ಖಾಲಿ. ಅಡುಗೆಮನೆ ಇಲ್ಲೇ ಪಕ್ಕದಲ್ಲಿ.
ಬರುವಾಗ ತುಂಬಿದ್ದು, ಚೆಲ್ಲಿದರೆ ಏಟು,
ಬ್ಯಾರಕ್ಕು ಹಿಂದೆ ಹಿಂದೆ ಸರಿಯುತ್ತಿತ್ತು.
ನನ್ನ ಕೋಷ್ಟಕದಲ್ಲಿ ದೂರಕ್ಕೆಂದು ಇದ್ದದ್ದು
ಒಂದೇ ಒಂದು ಮನೆ.

ಮಲಗುವ ಅಟ್ಟದ ಅಗಲ ಕೇಳಿದೆ.
ಫ್ಲಿಂಡರ್ಸ್ ಲೇನಿನಲ್ಲಿ ಮೂವತ್ತು ವರ್ಷ ಕೋಟು ಹೊಲಿದವರು,
ಟೇಪು ಮುಟ್ಟಲಿಲ್ಲ. ಅಂಗೈ ಬಿಡಿಸಿದರು:
ಒಂದು ಗೇಣು, ಮೇಲೆ ನಾಲ್ಕು ಬೆರಳು. ಇದು ನಾನು.
ಮತ್ತೊಂದು ಗೇಣು, ನಾಲ್ಕು ಬೆರಳು. ಎರ್ಝಿ, ನನ್ನ ತಂಗಿ.
ಮೂರನೆಯವಳ ಹೆಸರಿಗೆ ಬಂದಾಗ
ಮೇಜು ಮುಗಿದುಹೋಗಿತ್ತು.

'ಇಲ್ಲೊಂದು ನಲ್ಲಿ.'
ಚಿತ್ರದಲ್ಲಿಲ್ಲ, ಎಂದೆ.
'ನಾನು ಕುಡಿದಿದ್ದೇನೆ.'
ಪೆನ್ಸಿಲಿನಲ್ಲಿ ಚುಕ್ಕೆಯಿಟ್ಟೆ.
ಅವರು ನನ್ನ ಪೆನ್ನು ಕಸಿದು
ಅದನ್ನು ಶಾಯಿಯಲ್ಲಿ ತಿದ್ದಿದರು, ಹಾಳೆ ತೂತಾಗುವಷ್ಟು.

ಆಮೇಲೆ ಬೇಲಿ.
ಎರ್ಝಿಯನ್ನು ಆಚೆ ಕಡೆಗೆ ಹಾಕಿದ್ದರು, ಫೆಬ್ರವರಿಯಲ್ಲಿ.
ಬಾಗಿಲಿಂದ ಬಾಗಿಲಿಗೆ ಮೂವತ್ತೆರಡು ಮೀಟರು.
ನಮ್ಮಲ್ಲಿ ಇದಕ್ಕೆ ಕೂಗಳತೆ ಅನ್ನುತ್ತಾರೆ,
ಒಂದು ಕೂಗು ಮುಟ್ಟುವಷ್ಟು ದೂರ, ಎಂದು
ತಿಳಿಯದೆ ಹೇಳಿಬಿಟ್ಟೆ.
ಚಹಾ ಆರುವ ತನಕ ಸುಮ್ಮನಿದ್ದರು.
'ಒಳ್ಳೆಯ ಊರು ನಿಮ್ಮದು.
ಕೂಗಬಹುದಿತ್ತು.'

ಸಂಜೆ ಪಾರ್ಕಿಗೆ ಕರೆದೊಯ್ದರು.
ಫುಟ್‌ಬಾಲ್ ಮೈದಾನದ ಗೆರೆಯ ಮೇಲೆ ನನ್ನನ್ನು ನಿಲ್ಲಿಸಿ
ಕೋಲೂರಿ ನಡೆಯತೊಡಗಿದರು, ಎಂಬತ್ತೇಳರ ಕಾಲುಗಳಲ್ಲಿ.
ಮೂವತ್ತೆರಡನ್ನು ನಾನು ಮನಸ್ಸಿನಲ್ಲೇ ಎಣಿಸಿದೆ.
ನಿಲ್ಲಲಿಲ್ಲ.
ಗೋಲಿನ ಕಂಬ ದಾಟಿದರು, ನೀರು ಕುಡಿಯುತ್ತಿದ್ದ ನಾಯಿಯನ್ನು ದಾಟಿದರು,
ನೀಲಿ ಕೋಟು ಒಂದು ಗುಂಡಿಯಷ್ಟಾದಾಗ
ತಿರುಗಿ ನಿಂತರು.

ಬಾಯಿ ತೆರೆದಂತೆ ಕಂಡಿತು.
ಹುಡುಗರ ಚೆಂಡು ನಮ್ಮ ನಡುವೆ ಹಾದುಹೋಯಿತು,
ಹಿಂದೆಯೇ ಅವರ ಗಲಾಟೆ.

ನಾನು ಕೈಯೆತ್ತಿದೆ,
ಕೇಳಿಸಿತು ಎಂಬಂತೆ.