ಉಪ್ಪು ತಿಂದವಳು

ಕಾಲಾಮಾದ ಆಸ್ಪತ್ರೆಯಲ್ಲಿ ನನ್ನ ರಕ್ತ
ಮೂರು ತಿಂಗಳಿಗೊಮ್ಮೆ ಸಾಕ್ಷಿ ಹೇಳುತ್ತದೆ.
ಹನ್ನೊಂದು ವರ್ಷದ ಕೆಳಗೆ, ನಿದ್ದೆಯಿಲ್ಲದ ಐದನೆಯ ರಾತ್ರಿ,
ತಗಡಿನ ಮಾಡು ಹತ್ತಿ ಊರಿಗೆಲ್ಲ ಆಜ್ಞೆ ಹೊರಡಿಸಿದ್ದೆ.
ಅದಕ್ಕೇ ಈ ಲಿಥಿಯಂ ಮಾತ್ರೆ.
ಉಪ್ಪೇ ಅದೂ.
ಗಂಡ ಎಲಿಯುತೇರಿಯೊ ಮರುಭೂಮಿಯಿಂದ
ಲಾರಿಗಟ್ಟಲೆ ಸಾಗಿಸುವುದೂ ಅದನ್ನೇ.

ಉಪ್ಪು ತಿಂದವಳು ನೀರು ಕುಡಿಯಲೇಬೇಕು:
ರಾತ್ರಿ ನಾಲ್ಕು ಸಲ ಏಳುತ್ತೇನೆ,
ನಲ್ಲಿ ಬತ್ತಿದ ದಿನ ನೆರೆಮನೆಯ ಬಾಗಿಲು.

ಈ ಚಳಿಗಾಲ ಮತ್ತೆ ಮಂಕು.
ಬಾಚಣಿಗೆ ತುಂಬ ಕೂದಲು, ಎರಡು ಕಂಬಳಿ ಸಾಲದು.
ಹಳೇ ದುಃಖ ಮರಳಿತು ಅಂದರು ಎಲ್ಲರೂ.
ನಾನೂ ಅಂದೆ.

ಹೊಸ ಡಾಕ್ಟರು ಮಾತ್ರ ಹಿಂದೆ ನಿಂತು
ತಣ್ಣನೆಯ ಬೆರಳು ಕೊರಳಿಗಿಟ್ಟು
"ನುಂಗಿ, ನೆಲ್ಡಾ" ಎಂದರು.

ನುಂಗಿದೆ. ಬರೀ ಉಗುಳು.
ಮಾತ್ರೆಯಿಲ್ಲದೆ ನುಂಗೆಂದು
ಯಾರೂ ಹೇಳಿರಲಿಲ್ಲ ಇಷ್ಟು ವರ್ಷ.