ಉಳಿದ ಬೋಲ್ಟು

ಗಾಡಿ ಒಪ್ಪಿಸುವಾಗ ಒಂದು ಬೋಲ್ಟನ್ನೂ
ಪೇಪರಿನ್ಯಾಗ ಸುತ್ತಿ ಕೊಟ್ಟ.
“ಇದು ಹೆಚ್ಚಾತ್ರಿ ಅಕ್ಕಾರ,
ಕಂಪನ್ಯಾವ್ರು ಒಂದೆರಡು ಹೆಚ್ಚಿಗೀನ ಹಾಕಿರತಾರ.”
ಅವ ನಕ್ಕ. ನಾನೂ ನಕ್ಕೆ.
ಏಳು ಸಾವಿರದ ನಾಕನೂರಕ್ಕ
ನಗಿ ಪುಗಸಟ್ಟೆ ಬಂದಿತ್ತು.

ಉಳಿದದ್ದಂದ್ರ ನನಗ ಹೆದರಿಕಿ ಇಲ್ಲ.
ಮೊಸರು ಮಾರೋ ಮನಿಯಾಕಿ ನಾ.
ಗಡಿಗಿ ತಳದಾಗ ಇಷ್ಟು ಉಳಿಸಿದ್ರನ
ನಾಳಿಗೆ ಹೆಪ್ಪು.
ಬೋಲ್ಟನ್ನ ರೊಕ್ಕದ ಚೀಲದಾಗ ಇಟಗೊಂಡೆ.

ಸೋಲಾಪುರ ರಸ್ತಾದಾಗ ಹೊಸಾ ಗ್ಯಾರೇಜು.
ಗಾಜಿನ ಬಾಗಲಾ, ಕುಂಡ್ರಾಕ ಸೋಫಾ,
ಒಳಗ ಕಾಲಿಡೂದರಾಗ ಚಹಾ.
ಇಬ್ರಾಹಿಂಪುರ ಗೇಟಿನ ದಸ್ತಗೀರಸಾಬನ ಕಡೆ ಏನೈತಿ?
ಒಂದು ಬೇವಿನ ಗಿಡ,
ಗಿಡದ ಬುಡಕ ಯಾವುದೋ ಟೆಂಪೋದ ಹರಕು ಸೀಟು,
ಮತ್ತ “ನಾಳಿ ಬರ್ರಿ.”
ಹದಿನಾಕು ವರ್ಷ ಅದನ್ನ ಕೇಳಿ ಬ್ಯಾಸತ್ತಿದ್ದೆ,
ಸುಳ್ಳು ಯಾಕ ಹೇಳಲಿ.

ಮೂರನೇ ದಿನ ನಸಕಿನ್ಯಾಗ
ಕೊಲ್ಹಾರದಿಂದ ಹೊಂಟೆ.
ಹಿಂದ ನಲವತ್ತೆರಡು ಗಡಿಗಿ ಮೊಸರು,
ಗಡಿಗಿಗೊಂದು ಹುಲ್ಲಿನ ಸಿಂಬಿ.
ಓಮ್ನಿ ಓಡಿಸಿದವರಿಗೆ ಗೊತ್ತು,
ಎಂಜಿನ್ನು ಸೀಟಿನ ಬುಡಕ ಇರತೈತಿ.
ಅದಕ್ಕ ಜ್ವರ ಬಂದ್ರ ಮೊದಲ ತಿಳಿಯೂದು
ಮೀಟರಿನ ಮುಳ್ಳಿಗಲ್ಲ,
ಕುಂತ ಕುಂಡಿಗೆ.
ಮುಲವಾಡ ದಾಟೂದರಾಗ
ರೊಟ್ಟಿ ಹಂಚಿನ ಮ್ಯಾಗ ಕುಂತಂಗಾತು.

ನಿಲ್ಲಿಸಿ ಸೀಟು ಎತ್ತಿದೆ. ಉಗಿ.
ಉಗಿಯೊಳಗ ಯಾರೋ ಕುಂತು
ಸುಪಾರಿ ಒಡದಂಗ ಟಕ್, ಟಕ್.
ಆರಿದ ಮ್ಯಾಲ ಎಣ್ಣಿ ನೋಡೋ ಕಡ್ಡಿ ಎಳದೆ.
ಕರೀ ಎಣ್ಣಿ ಇರೂ ಜಾಗಾದಾಗ
ಮಜ್ಜಿಗಿ.
ಖರೇನ, ಮಜ್ಜಿಗಿ.
ಬೆರಳಿಗೆ ಹಚ್ಚಿ ತಿಕ್ಕಿದೆ.
ಮೂವತ್ತು ವರ್ಷ ಕಡದ ಕೈ,
ಯಾವ ಎಮ್ಮಿದು ಎಂಥಾ ಕೆನಿ ಅಂತ
ಕತ್ತಲಾಗ ಮುಟ್ಟಿ ಹೇಳತೈತಿ.
ಕೂಡಬಾರದ ಕಡೆ ನೀರೂ ಎಣ್ಣಿನೂ ಕೂಡ್ಯಾವ,
ನಡುವಿನ ಗ್ವಾಡಿ ಒಡದೈತಿ,
ಅಷ್ಟು ನನಗೂ ತಿಳೀತು.

ಒಬ್ಬ ಬೈಕಿನವ ನಿಂತು ಬ್ಯಾಟರಿ ಅಂದ.
ಇಬ್ಬರು ಮಾಸ್ತರು ಸ್ಕೂಟರ್ ನಿಲ್ಲಿಸಿ
ಪೆಟ್ರೋಲಿನ್ಯಾಗ ಕಸಾ ಅಂದ್ರು,
ಅಂದು ಒಂದು ಗಡಿಗಿ ಚೌಕಾಶಿ ಮಾಡಿದ್ರು.
ಬಿಸಲು ಏರತಿತ್ತು.
ಗಾಡಿ ಎಷ್ಟು ಹೊತ್ತಾರೆ ನಿಲ್ಲತೈತಿ,
ಮೊಸರು ನಿಲ್ಲೂದಿಲ್ಲ.
ಕಾಲುವಿ ಕೆಲಸಕ್ಕ ಹೊಂಟವರನ್ನ ಕರಕರದು
ಅರ್ಧಾ ರೇಟಿಗೆ ಕೊಟ್ಟೆ.
ಕಬ್ಬಿನ ಟ್ರ್ಯಾಕ್ಟರಿನ ಮಲಕಾರಿ
ಎಮ್ಮಿ ಕಟ್ಟೋ ಹಗ್ಗಲೇ ಎಳಕೊಂಡು ಹೊಂಟ,
ಅವನಿಗೆರಡು ಗಡಿಗಿ.
ಜಗ್ಗಿದಾಗೊಮ್ಮೆ ಹಿಂದ ಒಂದು ಗಡಿಗಿ ಒಡದ ಸಪ್ಪಳ.
ಎಣಸೂದು ಬಿಟ್ಟೆ.

ದಸ್ತಗೀರಸಾಬ ಬಾ ಅನಲಿಲ್ಲ, ಬ್ಯಾಡ ಅನಲಿಲ್ಲ.
ಕಣ್ಣಾಡಿ ಹಣಿಗೇರಿಸಿ ಬಗ್ಗಿ ನೋಡಿದ.
“ಯಾರು ಬಿಚ್ಚಿದ್ರು ಇದನ್ನ?”
“ನಮ್ಮ ತಮ್ಮ” ಅಂದೆ.
ನನಗ ತಮ್ಮ ಇಲ್ಲ.
ಇಲ್ಲಂತ ಅವಗೂ ಗೊತ್ತೈತಿ,
ನಮ್ಮವ್ವನ ಮಣ್ಣಿಗೆ ಬಂದಾವ.
ಬೇವಿನ ಎಲಿ ಒಂದು ಎಂಜಿನ್ ಮ್ಯಾಗ ಬಿತ್ತು,
ಅದನ್ನ ತಗದು ಒಗದ.
“ಗ್ಯಾಸ್ಕೆಟ್ ಉಲ್ಟಾ ಕುಂದರಿಸ್ಯಾನ ನಿಮ್ಮ ತಮ್ಮ.
ಬೋಲ್ಟು ಎಣಸಾಕೂ ಬರೂದಿಲ್ಲೇನು ಅವಗ?”

ಚೀಲದಾಗಿಂದ ಪೇಪರಿನ ಪುಡಿಕಿ ತಗದು ಕೊಟ್ಟೆ.
ಬಿಚ್ಚಿ, ಅಂಗಿಗೆ ಒರಿಸಿ,
ಬೀಡಿ ಇಡೋ ಕಿಸೆದಾಗ ಹಾಕಿಕೊಂಡ.
ರೊಕ್ಕದ ಮಾತು ಆಡಲಿಲ್ಲ, ಅದ ದೊಡ್ಡ ಹೆದರಿಕಿ.
“ನಾಳಿ ಬರ್ರಿ.”

ಉಳಿದ ಒಂಬತ್ತು ಗಡಿಗಿ ಗಿಡದ ನೆಳ್ಳಿಗೆ ಇಟ್ಟೆ.
ಪಾನಾ ಹಿಡಿಯೋ ಹುಡುಗ
ಕೈಯಾಗಿನ ಗ್ರೀಸು ಚೊಣ್ಣಕ್ಕ ಒರಸಿ,
ಒಂದು ಬಟ್ಟು ಎದ್ದಿ ನೆಕ್ಕಿ,
“ಹುಳಿ ಆಗೈತಿ ಅಕ್ಕಾ” ಅಂದ.
“ನಾಳಿ ಛಲೋದು ತರತೀನಿ ತಗೋ” ಅಂದು
ಬಸ್‌ಸ್ಟ್ಯಾಂಡಿನ ಕಡೆ ನಡದೆ.
ರೇಲ್ವೆ ಗೇಟು ದಾಟಿದ ಮ್ಯಾಲ ಹೊಳೀತು,
ತರತೀನಿ ಅಂದೆ,
ಯಾವುದರಾಗ?