ಹಿಂದಿನ ಸಾಲು

ಚಪ್ಪಲಿ ಹೇಗೋ ಬಿಟ್ಟಿದ್ದೆ, ಒಂದು ಅಂಗಾತ.
ತಾಂಡೇಲ ಸರ್ ಬಾಗಿಲಲ್ಲೇ ನಿಂತು ಅದನ್ನೇ ನೋಡಿದರು,
ಬಂದರಿನಲ್ಲಿ ಹಗಲೆಲ್ಲ ಐಸು ಒಡೆದು
ಬೆರಳ ತುದಿ ಬಿಳಿಚಿಹೋದ ಮನುಷ್ಯ.
ನಾನು ಕೇಳಿದ್ದು ಬೇರೆ:
ಯಾರಾದರೂ ಮಣಿಕಟ್ಟು ಹಿಡಿದರೆ
ಬಿಡಿಸಿಕೊಳ್ಳುವುದು ಹೇಗೆ, ಸರ್?
ಅವರು ಅಂದದ್ದು:
ಮೊದಲು ಚಪ್ಪಲಿ ಜೋಡಿಸಿ, ಮೇಸ್ತಬಾಯಿ.
ಮೂತಿ ಹೊರಗಿರಲಿ.

ಹದಿನೇಳು ವರ್ಷ ಕಾರವಾರ–ಅಂಕೋಲಾ ಬಸ್ಸಿನಲ್ಲಿ
ಮುಂದೆ ಹೋಗಿ, ಮುಂದೆ ಹೋಗಿ ಎಂದು
ಊರನ್ನೇ ದಬ್ಬಿದವಳು.
ಬಿಣಗಾ ಶಾಲೆಯ ಈ ಜಗಲಿಯಲ್ಲಿ
ಮೊದಲ ಸಲ ನನಗೇ ಯಾರೋ ಹೇಳಿದರು:
ಹಿಂದೆ ಹೋಗಿ.
ಹಿಂದಿನ ಸಾಲು ಹೊಸಬರದ್ದು.

ಬಳೆ ತೆಗೆಯಬೇಕಿತ್ತು. ಎಡಗೈಯದ್ದು ಬರಲಿಲ್ಲ,
ನಲ್ಲಿಯ ಹತ್ತಿರ ಸೋಪು ಹಚ್ಚಿ ಎಳೆದೆ.
ಉಗುರು ಕತ್ತರಿಸಿಯೇ ಬರಬೇಕಂತೆ,
ಎದುರಿನವರ ಮೈ ನಮ್ಮ ಕೈಗೆ ಕೊಟ್ಟ ಅಡವಂತೆ.
ಹೊಸ ಬಟ್ಟೆಯ ಗಂಜಿ ಕುತ್ತಿಗೆಗೆ ಚುಚ್ಚುತ್ತಿತ್ತು.
ಮನೆಯಲ್ಲಿ ಮಗಳು ನಕ್ಕಿದ್ದಳು:
ಆಯಿ, ಥೇಟ್ ಹಿಟ್ಟಿನ ಗಿರಣಿಯವನು.

ಬೆಲ್ಟು ಕಟ್ಟಲು ಬರಲಿಲ್ಲ.
ಕತ್ತಲಲ್ಲೂ ಚಿಲ್ಲರೆ ಎಣಿಸುವ ಕೈ,
ಗಂಟು ಮಾತ್ರ ಪ್ರತಿ ಸಲ ಕೋಳಿಕಾಲು.
ಆಗ ಮುಂದಿನ ಸಾಲಿನಿಂದ ಬಂದ ಹಸಿರು ಬೆಲ್ಟು,
ಬಾನಾವಳಿ ಮನೆಯ ಸಾಯೀಶ, ಆರನೇ ಕ್ಲಾಸು,
ಮೂಗಿನ ಕೆಳಗೆ ಒಣಗಿದ ಗೊಣ್ಣೆ.
ಸರ್ ಅಂದರು: ಅವನು ನಿಮಗಿಂತ ಹಿರಿಯ. ಬಗ್ಗಿ.

ಈ ಹುಡುಗನ ಗುರುತು ನನಗಿತ್ತು.
ಪಾಸು ಮರೆತಿದ್ದಾನೆಂದು ಕಳೆದ ವರ್ಷ
ಬೈತಖೋಲದ ತಿರುವಿನಲ್ಲಿ ಇಳಿಸಿದ್ದೆ.
ಹಿಂದಿನ ಗಾಜಿನಲ್ಲಿ ಚಿಕ್ಕದಾಗುತ್ತ ಚಿಕ್ಕದಾಗುತ್ತ
ಬೈಯಲೂ ಬಾರದೆ ನಿಂತಿದ್ದ.
ಚೆಕಿಂಗ್ ಇದೆ, ಅಂದುಕೊಂಡಿದ್ದೆ.
ಚೆಕಿಂಗ್ ಇರಲಿಲ್ಲ.

ಬಗ್ಗಿದೆ. ಸೊಂಟ ವಯಸ್ಸು ಹೇಳಿತು, ನಲವತ್ತಾರು.
ಅವನೂ ಬಗ್ಗಿದ, ನನಗಿಂತ ಒಂದು ಗೇಣು ಹೆಚ್ಚು.
ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟು
ಕೊಡದೆಯೇ ಉಳಿದ ಚಿಲ್ಲರೆಯೆಲ್ಲ
ಯಾಕೋ ಆಗಲೇ ನೆನಪಾಯಿತು,
ಕೇಳಲು ನಾಚಿ ಇಳಿದುಹೋದವರ ಮುಖಗಳು.
ಎಡತುದಿ ಮೇಲೆ, ಅಂದ ಅವನು,
ಬಲತುದಿ ಅಡಿಯಿಂದ. ಹ್ಞಾಂ, ಈಗ ಎಳೀರಿ.
ಎರಡೂ ಬಾಲ ಸಮ ಇರಬೇಕು.
ಅಷ್ಟೇ. ಬೈತಖೋಲದ ಮಾತು ಎತ್ತಲಿಲ್ಲ.
ಮರೆತಿದ್ದನೋ, ಕಲಿತಿದ್ದನೋ.

ಮೂರು ವಾರವಾಯಿತು.
ಮಣಿಕಟ್ಟಿನ ಪಾಠ ಇನ್ನೂ ಬಂದಿಲ್ಲ.
ನಿಲ್ಲುವುದನ್ನೇ ಹೇಳಿಕೊಡುತ್ತಾರೆ ದಿನವೂ.
ಓಡುವ ಬಸ್ಸಿನಲ್ಲಿ ಅರ್ಧ ಆಯುಷ್ಯ ನಿಂತವಳಿಗೆ
ನಿಂತ ನೆಲದ ಮೇಲೆ ನಿಲ್ಲಲು ಬರುವುದಿಲ್ಲವಂತೆ!
ಕೊನೆಯ ಟ್ರಿಪ್ಪಿನ ಆ ಮನುಷ್ಯ
ಈಗಲೂ ಅಮದಳ್ಳಿಯಲ್ಲಿ ಹತ್ತುತ್ತಾನೆ,
ಅದೇ ಹಿಂದಿನ ಸೀಟು, ಅದೇ ಗುಟ್ಕಾ ವಾಸನೆ.
ಮೊಣಕಾಲು ತುಸು ಸಡಿಲಬಿಟ್ಟು ಅವನೆದುರು ನಿಂತು
ಟಿಕೆಟ್, ಅನ್ನುತ್ತೇನೆ.
ಒಮ್ಮೊಮ್ಮೆ ದುಡ್ಡನ್ನು ಸೀಟಿನ ಮೇಲಿಡುತ್ತಾನೆ.
ಒಮ್ಮೊಮ್ಮೆ ಇಲ್ಲ.
ಎದೆ ಇನ್ನೂ ಡವಗುಟ್ಟುತ್ತದೆ.

ಇವತ್ತು ಬೆಳಿಗ್ಗೆ ಬಿಣಗಾ ಸ್ಟಾಪಿನಲ್ಲಿ ಸಾಯೀಶ.
ಚೀಲ ತಡಕಿದ, ಕಿಸೆ ತಡಕಿದ, ಕಿವಿ ಕೆಂಪಾಯಿತು.
ನಾನು ಟಿಕೆಟ್ ಹರಿದು ಅವನ ಕೈಗಿಟ್ಟೆ,
ದುಡ್ಡು ನನ್ನ ಪರ್ಸಿನಿಂದ ಚೀಲಕ್ಕೆ.
ಹಿಂದೆ ಹೋಗು, ಅಂದೆ.
ಹೋದ. ಕಂಬಿ ಹಿಡಿಯದೆ ನಿಂತ.
ಬೈತಖೋಲದ ತಿರುವಿನಲ್ಲಿ ಬಸ್ಸು ವಾಲಿತು.
ಹಿಡಿದುಕೊಂಡವಳು ನಾನು.